ಗೂಳೂರು ದಾಟಿದ ಮೇಲಿನ ಹಾಡು

ತುಮಕೂರು
14-11-2025, ಶುಕ್ರವಾರ

ಪ್ರೀತಿಯ ಮಗಳು ಕೋಮಲಾಗೆ,

ನಿಮ್ಮತ್ತೆ ನರಸಿಂಹಮ್ಮ ಮಾಡುವ ಆಶೀರ್ವಾದಗಳು. ಸೊಸೆಗೆ ಕಾಗದ ಬರೆಯುವಾಗ ಮೇಲೆ ಚಿ. ಸೌ. ಎಂದು ಹಾಕಬೇಕು ಅಂತ ನಮಗೆ ಊರಿನ ಶಾಲೆಯಲ್ಲಿ ಹೇಳಿಕೊಟ್ಟಿದ್ದರು. ನನ್ನ ಮಗ ಭೀಮರಾಜ ಹೋದ ಮೇಲೆ ನಿನಗೆ ಹಾಗೆ ಬರೆಯಲು ಕೈ ಬರುವುದಿಲ್ಲ, ಬರೀ ಹೆಸರು ಬರೆಯಲು ಮನಸ್ಸು ಬರುವುದಿಲ್ಲ. ಅದಕ್ಕೇ ಮಗಳು ಎಂದು ಬರೆದಿದ್ದೇನೆ. ನಿನ್ನ ಕೆಮ್ಮು ಹೇಗಿದೆ? ಧಾರವಾಡದ ಚಳಿ ಎದೆಗೆ ಹಿಡಿಯುತ್ತದೆ ಅಂತೆ. ಬೆಳಿಗ್ಗೆ ಬಿಸಿನೀರು ಕುಡಿ, ತಲೆಗೆ ಏನಾದರೂ ಸುತ್ತಿಕೊಂಡು ಲೈಬ್ರರಿಗೆ ಹೋಗು. ಹಾಸ್ಟೆಲ್ಲಿನ ಜೋಳದ ರೊಟ್ಟಿ ಅಭ್ಯಾಸವಾಯಿತು ಅಂತ ಫೋನಿನಲ್ಲಿ ಹೇಳಿದೆ. ನಾನು ಹ್ಞೂಂ ಅಂದೆ, ನಂಬಲಿಲ್ಲ.

ನಾನು ಇಲ್ಲಿ ಚೆನ್ನಾಗಿದ್ದೇನೆ. ಮಂಡಿ ನೋವು ಎಂದಿನ ಹಾಗೇ ಇದೆ. ಕಾರ್ತಿಕ ಮಾಸವಾದ್ದರಿಂದ ಸಂಜೆ ಹೊಸಲಿಗೆ ಎರಡು ದೀಪ ಹಚ್ಚುತ್ತಿದ್ದೇನೆ. ಒಂದು ವಿಷಯ ಕೇಳಿದರೆ ನಗುತ್ತೀಯ. ಒಬ್ಬಳಿಗೆ ಮುದ್ದೆ ಮಾಡುವುದು ನನಗೆ ಇನ್ನೂ ಬಂದಿಲ್ಲ. ಎಷ್ಟು ಕಡಿಮೆ ಹಿಟ್ಟು ಹಾಕಿದರೂ ಎರಡು ಮುದ್ದೆಯಾಗುತ್ತದೆ, ಇನ್ನೂ ಕಡಿಮೆ ಹಾಕಿದರೆ ಗಂಟುಗಂಟಾಗುತ್ತದೆ. ಉಳಿದದ್ದನ್ನು ಮಾರನೆಯ ದಿನ ಮಜ್ಜಿಗೆಗೆ ಕಿವುಚಿಕೊಂಡು ಕುಡಿಯುತ್ತೇನೆ. ಪಕ್ಕದ ಮನೆ ಹಮೀದಾ ದಿನಾ ಕಾಂಪೌಂಡಿನ ಮೇಲಿಂದ ಕತ್ತು ಚಾಚಿ, "ಸೊಸೆ ಯಾವಾಗ್ ಬರ್ತಾಳೆ ನರಸಿಂಹಮ್ಮಾ?" ಅಂತ ಕೇಳುತ್ತಾಳೆ. ಸಂಕ್ರಾಂತಿಗೆ ಅಂತ ಹೇಳಿ ಹೇಳಿ ಅವಳಿಗೂ ಬಾಯಿಪಾಠವಾಗಿದೆ. ಮೊನ್ನೆ ಗುಬ್ಬಿಯಿಂದ ನಿಮ್ಮ ಚಿಕ್ಕಮಾವ ದ್ಯಾವಪ್ಪ ಬಂದಿದ್ದ. ನಾನು ಕೊಟ್ಟ ಕಾಫಿ ಕುಡಿಯುತ್ತಲೇ, "ಓದ್ಸಿ ಓದ್ಸಿ ಕಳ್ಕೊಂಡೆ ಕಣತ್ತಿಗೆ. ಇನ್ನೆಲ್ಲಿ ಬತ್ತಾಳೆ, ಬುಡು" ಅಂದ. ಲೋಟ ಕೊಡು ತೊಳೀಬೇಕು ಅಂದೆ. ಇನ್ನೂ ಅರ್ಧ ಲೋಟ ಇತ್ತು.

ಫೋನಿನಲ್ಲಿ ಹೇಳಬಹುದಾದದ್ದನ್ನು ಯಾಕೆ ಬರೆಯುತ್ತಿದ್ದೇನೆ ಅಂತ ನಿನಗೆ ಅನ್ನಿಸಿರಬೇಕು. ಮೂರು ಸಲ ಫೋನಿನಲ್ಲಿ ಹೇಳಲು ಹೋದೆ. ಮೂರು ಸಲವೂ ಊಟ ಆಯ್ತಾ ಅಂತ ಕೇಳಿ ಇಟ್ಟುಬಿಟ್ಟೆ.

ನಾನು ಕೆಲಸ ಮಾಡುವ ಕೋಣೆ ನಿನಗೆ ಗೊತ್ತಲ್ಲ, ಯೂನಿವರ್ಸಿಟಿ ಲೈಬ್ರರಿಯ ಮೇಲಿನ ಮಹಡಿಯದು. ಪಿಎಚ್‌ಡಿ ಮಕ್ಕಳು ತಾವು ಬರೆದದ್ದನ್ನು ಉಮಾಮಹೇಶ್ವರಿ ಮೇಡಂಗೆ ತೋರಿಸಿ ತಿದ್ದಿಸಿಕೊಳ್ಳುವ ಜಾಗ. ನಾನು ಕಸ ಗುಡಿಸಿ, ಟೀ ತಂದುಕೊಟ್ಟು, ಬಾಗಿಲ ಪಕ್ಕದ ಸ್ಟೂಲಿನಲ್ಲಿ ಕೂತಿರುತ್ತೇನೆ. ಕಿವಿ ಮುಚ್ಚಿಕೊಳ್ಳಲಾಗುತ್ತದೆಯೇ? ಮೂರು ವರ್ಷದಲ್ಲಿ ನನಗೂ ಒಂದಿಷ್ಟು ಬಂದಿದೆ. ಕಾಪಿ ಎಷ್ಟು ಪರ್ಸೆಂಟು ಅಂತ ಕಂಪ್ಯೂಟರ್ ಹೇಳುತ್ತದೆ, ಅಡಿಟಿಪ್ಪಣಿ ಅಂದರೆ ಹಾಳೆಯ ಕೆಳಗೆ ಸಣ್ಣಕ್ಷರದಲ್ಲಿ ಬರೆಯುವುದು, ಇವೆಲ್ಲ ಗೊತ್ತು. ಮೇಡಂ ಎಲ್ಲರಿಗೂ ಹೇಳುವುದು ಒಂದೇ ಮಾತು. "ಯಾರ್ ಹೇಳಿದ್ದು, ಯಾವಾಗ್ ಹೇಳಿದ್ದು, ಅವ್ರಿಗ್ಯಾರ್ ಹೇಳಿದ್ದು? ಇದಿಲ್ದಿದ್ರೆ ಅದು ಪ್ರಬಂಧ ಅಲ್ಲ ಕಣ್ರಮ್ಮ, ಹರಟೆ." ಊದಿನಕಡ್ಡಿ ಹೊಸೆಯುವ ಹೆಂಗಸರ ಬಗ್ಗೆ ಬರೆಯುತ್ತಿರುವ ಝೋಯಾ ಅನ್ನುವ ಹುಡುಗಿ ಇದ್ದಾಳೆ. ಒಬ್ಬ ಅಜ್ಜಿ ನಲವತ್ತು ವರ್ಷದಿಂದ ಹೊಸೆಯುತ್ತಿದ್ದೇನೆ ಅಂದದ್ದನ್ನು ಬರೆದುಕೊಂಡಿದ್ದಳು. ವಿಚಾರಿಸಿದರೆ ಹದಿನಾಲ್ಕೇ ವರ್ಷ. ಪಾಪ, ಒಂದು ಇಡೀ ಅಧ್ಯಾಯ ಮತ್ತೆ ಬರೆದಳು. "ಅಜ್ಜೀರು ಬಾಯಿಗ್ ಬಂದಿದ್ದು ಹೇಳ್ಬಿಡ್ತಾರೆ, ನಾವ್ ಸಾಯ್ಬೇಕು" ಅಂತ ನನ್ನ ಕಡೆ ನೋಡಿ ನಕ್ಕಳು. ನಾನೂ ನಕ್ಕೆ. ಆವತ್ತು ನನಗೆ ಏನೂ ಹೊಳೆದಿರಲಿಲ್ಲ.

ಭಾಷೆ ನೋಡಿಕೊಡಲಿ ಅಂತ ನೀನು ನಿನ್ನ ಮೂರನೇ ಅಧ್ಯಾಯವನ್ನು ಮೇಡಂಗೆ ಕಳಿಸಿದೆಯಲ್ಲ, ಅದನ್ನು ಅವರು ಹೋದ ವಾರ ಬುಧವಾರ ಓದಿದರು. ಓದಿ, "ಬನ್ನಿ ನರಸಿಂಹಮ್ಮ, ಕೂತ್ಕೊಳಿ. ನಿಮ್ ಹಾಡಿನ್ ಮೇಲೆ ನಿಮ್ ಸೊಸೆ ಮೂವತ್ತೆಂಟು ಪುಟ ಬರೆದವ್ಳೆ" ಅಂತ ಕರೆದು, ಗಟ್ಟಿಯಾಗಿ ಓದಿ ಹೇಳಿದರು. ನಮ್ಮೂರು ಗುಬ್ಬಿಯ ಕೆರೆ ದೇವಿ ಕೋಡಿಯಮ್ಮನ ಹಾಡು. ಅಮ್ಮ ತನ್ನ ಅಕ್ಕನನ್ನು ಹುಡುಕಿಕೊಂಡು ಕುಣಿಗಲ್ ಕೆರೆಯಿಂದ ನಡೆದು ಬರುತ್ತಾಳೆ, ಗೂಳೂರಿನಲ್ಲಿ ಒಂದು ಮನೆಯ ಸೊಸೆ ಅವಳಿಗೆ ನೀರು ಕೊಡುತ್ತಾಳೆ. ಅಲ್ಲಿಂದ ಮುಂದಿನ ಸಾಲುಗಳನ್ನೇ ನೀನು ಹಿಡಿದಿದ್ದೀಯ.

ಕೂಸಿಲ್ಲ ಮಡಿಲಾಗೆ, ಕೂಗೋರಿಲ್ಲ ಅಂಗಳದಾಗೆ
ಬಾರವ್ವ ನೀರು ಕೊಟ್ಟೋಳೆ, ಇಂದಿಂದ
ಸೊಸೆಯಲ್ಲ ನೀನು ಮಗಳವ್ವ

ಸೊಸೆಯನ್ನು ಮಗಳೆಂದು ಕರೆಯುವ ದೇವಿ ಈ ಸೀಮೆಯ ಬೇರೆ ಯಾವ ಹಾಡಿನಲ್ಲೂ ಇಲ್ಲ, ಇದು ಬಹಳ ಹಳೆಯ ಕಾಲದ ನಂಬಿಕೆ ಇರಬೇಕು ಅಂತ ಬರೆದಿದ್ದೀಯ. ಕೆಳಗೆ ಅಡಿಟಿಪ್ಪಣಿಯಲ್ಲಿ ನನ್ನ ಹೆಸರು, ಆಗಿನ ವಯಸ್ಸು ನಲವತ್ತಾರು, "ಅತ್ತೆ ತಿಪ್ಪಮ್ಮನವರಿಂದ ಕಲಿತದ್ದು" ಅಂತ. ನಮ್ಮತ್ತೆಯ ಹೆಸರು ಕೇಳಿದ ತಕ್ಷಣ, ಅದೊಂದು ಸಾಲು ಇನ್ನೊಂದು ಸಲ ಓದಿ ಮೇಡಂ ಅಂದೆ.

ಕೋಮಲಾ, ಆ ಸಾಲುಗಳನ್ನು ನಮ್ಮತ್ತೆ ಹಾಡಿದವರಲ್ಲ. ಬೇರೆ ಯಾರೂ ಹಾಡಿದವರಲ್ಲ. ಗೂಳೂರಿನಿಂದ ಮುಂದಿನದೆಲ್ಲ ನಾನೇ ಕಟ್ಟಿದ್ದು. ಗುಬ್ಬಿ ಮನೆಯ ನಡುಮನೆಯಲ್ಲಿ ನೀನು ಎದುರಿಗೆ ಫೋನ್ ಇಟ್ಟು, "ಪೂರ್ತಿ ಹೇಳಿ ಅತ್ತೆ, ಒಂದ್ ಸಾಲೂ ಬಿಡ್ಬೇಡಿ" ಅಂದೆಯಲ್ಲ, ಆಗ ಅಲ್ಲೇ ಕೂತು ಕಟ್ಟಿದ್ದು.

ನಿಜವಾದ ಕೊನೆ ನನಗೆ ಗೊತ್ತೇ ಇಲ್ಲ. ನಾನು ಸೊಸೆಯಾಗಿ ಬಂದಾಗ ನಮ್ಮೂರಲ್ಲಿ ಒಂದು ಪದ್ಧತಿ ಇತ್ತು. ಶ್ರಾವಣದ ಶುಕ್ರವಾರ ಹೆಂಗಸರು ಕಳಸ ಹೊತ್ತು ಹಾಡಿಕೊಂಡು ಕೆರೆ ಏರಿಯ ಮೇಲೆ ಹೋಗುವರು. ಹಾಡು ಗೂಳೂರಿಗೆ ಬರುವಷ್ಟರಲ್ಲಿ ಗುಡಿ ಹತ್ತಿರವಾಗುವುದು, ಆಗ ಎಲ್ಲರಿಗಿಂತ ಚಿಕ್ಕ ಸೊಸೆ ಹಿಂದೆ ಉಳಿದು ಅಮ್ಮನ ಎಡೆಗೆ ಹುಗ್ಗಿ ಬೇಯಿಸಬೇಕು. ಹತ್ತು ವರ್ಷ ನಮ್ಮ ಬೀದಿಗೆ ಬೇರೆ ಸೊಸೆ ಬರಲಿಲ್ಲ. ಹತ್ತು ವರ್ಷವೂ ನಾನೇ ಒಲೆ ಊದಿದೆ. ಪಾತ್ರೆ ಇಳಿಸಿ ಗುಡಿಗೆ ಓಡುವಷ್ಟರಲ್ಲಿ ಮಂಗಳ ಹಾಡುತ್ತಿರುತ್ತಿದ್ದರು. ಮನೆಯಲ್ಲಿ ಹೇಳಿಕೊಡಿ ಅಂದರೆ ನಮ್ಮತ್ತೆ, "ಗುಡಿ ಹಾಡು ಗುಡೀಲೆ ಕಲಿ ಕಣೇ, ಏನ್ ಅವ್ಸರ ನಿಂಗೆ?" ಅನ್ನುವರು. ಹನ್ನೊಂದನೇ ವರ್ಷ ಅವರಿಗೆ ಲಕ್ವ ಹೊಡೆದು ಬಾಯಿ ಬಿದ್ದುಹೋಯಿತು. ಮಿಕ್ಕ ಮುದುಕಿಯರೂ ಒಬ್ಬೊಬ್ಬರಾಗಿ ಹೋದರು. ಈಗ ಕೇಳೋಣವೆಂದರೆ ಯಾರೂ ಇಲ್ಲ. ದೇವರ ಹಾಡನ್ನು ಅರ್ಧಕ್ಕೆ ಬಿಟ್ಟು ಏಳಬಾರದು, ಆ ಮನೆಗೆ ಒಳ್ಳೆಯದಲ್ಲ ಅಂತ ನಮ್ಮ ಕಡೆ ನಂಬಿಕೆ. ಅದಕ್ಕೆ ಬಾಯಿಗೆ ಬಂದ ಹಾಗೆ ಹೆಣೆದು ಮಂಗಳದವರೆಗೆ ಮುಟ್ಟಿಸಿದೆ. ಅದು ನಿನ್ನ ಎಂ.ಎ. ಪ್ರಾಜೆಕ್ಟಿಗೆ, ನಾಲ್ಕು ದಿನದ ಕೆಲಸ ಅಂದುಕೊಂಡಿದ್ದೆ. ಧಾರವಾಡದವರೆಗೂ ಹೋಗುತ್ತದೆ ಅಂತ ನನಗೇನು ಗೊತ್ತು?

ಮೇಡಂಗೆ ಆವತ್ತೇ ಹೇಳಿಬಿಟ್ಟೆ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಆಮೇಲೆ, "ಮೂವತ್ತೆಂಟ್ ಪುಟ ಅಲ್ಲಾಡ್ತು ನೋಡಿ" ಅಂದರು. ಬೈಯಲಿಲ್ಲ. ಅಧ್ಯಾಯವನ್ನು ಹರಿದು ಹಾಕಬೇಕಾಗಿಲ್ಲವಂತೆ. ಹಳೆಯ ಹಾಡು ಅನ್ನುವ ಮಾತನ್ನು ಬಿಟ್ಟು, ಹೊಸ ಸಾಲು ಹೇಗೆ ಹುಟ್ಟುತ್ತದೆ ಅಂತ ಬೇರೆ ರೀತಿ ಬರೆಯಬಹುದಂತೆ. ಆದರೆ ಅದಕ್ಕೆ ಆರು ತಿಂಗಳಾದರೂ ಬೇಕು, ಡಿಸೆಂಬರ್ ಹತ್ತನೇ ತಾರೀಖಿಗೆ ಪ್ರಬಂಧ ಒಪ್ಪಿಸುವುದು ಆಗುವುದಿಲ್ಲ ಅಂದರು. ಒಪ್ಪಿಸಿ ಸಂಕ್ರಾಂತಿಗೆ ಮನೆಗೆ ಬಂದುಬಿಡುತ್ತೇನೆ ಅಂದಿದ್ದೆಯಲ್ಲ. ಅದೂ ಆಗುವುದಿಲ್ಲ.

ನಿನ್ನ ಹತ್ತಿರ ಮುಚ್ಚಿಡುವುದೇನು? ಇದನ್ನು ಬರೆಯದೆ ಬಿಟ್ಟುಬಿಡೋಣ ಅಂತ ಒಂಬತ್ತು ದಿನ ಯೋಚನೆ ಮಾಡಿದೆ. ಯಾರು ಬಂದು ಕೇಳುತ್ತಾರೆ? ಮೇಡಂ ಕೂಡ, "ನಾನ್ ನಿಮ್ ಸೊಸೆಗ್ ಹೇಳಲ್ಲ, ಹೇಳ್ಬೇಕಾದೋರು ನೀವು" ಅಂದರು. ನಾನು ಬಾಯಿ ಮುಚ್ಚಿಕೊಂಡರೆ ನೀನು ಇನ್ನೆರಡು ತಿಂಗಳಿಗೆ ಈ ಮನೆಯಲ್ಲಿ ಇರುತ್ತೀಯ. ನಿನಗಾಗಿ ಒಂದು ಓದುವ ಮೇಜನ್ನೂ ನೋಡಿಟ್ಟಿದ್ದೆ. ಆದರೆ ಸಂಜೆ ದೀಪದ ಮುಂದೆ ಕೂತರೆ ತಿಪ್ಪಮ್ಮನವರ ಹೆಸರು ನೆನಪಾಗುತ್ತದೆ. ಬಾಯಿ ಬಿದ್ದು ಸತ್ತವರ ಬಾಯಲ್ಲಿ ನಾನು ನನ್ನ ಮಾತು ತುರುಕಿದ ಹಾಗಾಯಿತು. ನಾಳೆ ನಿನ್ನನ್ನು ನಾಲ್ಕು ಜನ ಪರೀಕ್ಷೆ ಮಾಡುವಾಗ ನೀನು ಆ ಸುಳ್ಳನ್ನು ಹಿಡಿದುಕೊಂಡು ನಿಲ್ಲುವುದು ಬೇಡ.

ಬರವಣಿಗೆಯಲ್ಲಿ, ತಾರೀಖು ಸಹಿ ಹಾಕಿ ಕೊಡಿ ಅಂತ ಮೇಡಂ ಹೇಳಿದ್ದರಿಂದ ಸರಿಯಾಗಿ ಬರೆಯುತ್ತಿದ್ದೇನೆ. ನರಸಿಂಹಮ್ಮ, ಏಳನೇ ಕ್ಲಾಸು, ವಯಸ್ಸು ಐವತ್ತು, ಆದ ನಾನು ಹೇಳುವುದೇನೆಂದರೆ, ಕುಣಿಗಲ್ ಕೆರೆಯಿಂದ ಗೂಳೂರಿನವರೆಗಿನ ಹಾಡು ತಿಪ್ಪಮ್ಮನವರದು. ಅಲ್ಲಿಂದ ಮುಂದಿನದು ನನ್ನದು. ಇದನ್ನು ನಿನ್ನ ಗೈಡಿಗೆ ತೋರಿಸು. ಅವರು ಬೈದರೆ ನನ್ನ ನಂಬರು ಕೊಡು.

ನಿನಗೆ ಸಿಟ್ಟು ಬಂದೇ ಬರುತ್ತದೆ. ಬರಲಿ. ನಾಲ್ಕು ದಿನ ಫೋನ್ ಮಾಡದಿದ್ದರೂ ನಾನು ಏನೂ ಅಂದುಕೊಳ್ಳುವುದಿಲ್ಲ. ಐದನೇ ದಿನ ಮಾಡು. ಭೀಮರಾಜ ಹೋದ ಮೇಲೂ ಕುಣಿಗಲ್ಲಿನ ತವರಿಗೆ ಹೋಗದೆ ಒಂದೂವರೆ ವರ್ಷ ನನ್ನ ಜೊತೆಗಿದ್ದು ಓದಿದವಳು ನೀನು. ನಿನ್ನ ಓದಿಗೆ ನನ್ನಿಂದಲೇ ಕಲ್ಲು ಬಿತ್ತಲ್ಲ ಅಂತ ಸಂಕಟವಾಗುತ್ತದೆ. ಮುಂಗಾರಿಗಾದರೂ ಬಾ. ಕೋಡಿಯಮ್ಮ ನಿನ್ನ ಕಣ್ಣಿಗೆ, ಕೈಗೆ ಶಕ್ತಿ ಕೊಡಲಿ, ಬರೆಯುವುದೆಲ್ಲ ಸಲೀಸಾಗಲಿ. ನಿನ್ನ ರೂಮಿನ ಹುಡುಗಿಯರಿಗೂ ನಾನು ಕೇಳಿದೆ ಅಂತ ಹೇಳು.

ನಿನ್ನ ಅತ್ತೆ,
ನರಸಿಂಹಮ್ಮ

ತಾ.ಕ.: ಹಮೀದಾ ಅಂಚೆಗೆ ಹಾಕುತ್ತೇನೆ ಅಂತ ಬಾಗಿಲಲ್ಲಿ ನಿಂತಿದ್ದಾಳೆ, ಬೇಗ ಬರೆಯುತ್ತೇನೆ. ದೇವರ ಹಾಡು ಅರ್ಧಕ್ಕೆ ಬಿಡಬಾರದು ಅಂತ ಕಟ್ಟಿದೆ ಅಂತ ಮೇಲೆ ಬರೆದಿದ್ದೇನೆ, ಮೇಡಂಗೂ ಹಾಗೇ ಹೇಳಿದ್ದೇನೆ. ಅದು ಪೂರ್ತಿ ನಿಜವಲ್ಲ. ಬರುವಷ್ಟು ಹಾಡಿ ಮಂಗಳ ಹೇಳಿದ್ದರೆ ಅಮ್ಮ ಏನೂ ಮುನಿಸಿಕೊಳ್ಳುತ್ತಿರಲಿಲ್ಲ. ನೀನು ಹಾಡಿಸಿಕೊಂಡ ಆ ದಿನ ನಿಮ್ಮಣ್ಣ ಅಂಜನ್‌ಕುಮಾರ್ ನಿನ್ನನ್ನು ತವರಿಗೆ ಕರೆದುಕೊಂಡು ಹೋಗಲು ಕುಣಿಗಲ್ಲಿನಿಂದ ಕಾರು ತಂದಿದ್ದ. ಕೊನೆಗೆ ಒಬ್ಬನೇ ವಾಪಸ್ ಹೋದ, ಆ ಮಾತು ಬೇರೆ. ಆದರೆ ಆಗ ನಿನ್ನ ಬ್ಯಾಗು, ಪುಸ್ತಕ ಎಲ್ಲ ಕಾರಿನೊಳಗಿದ್ದವು. "ಇದೊಂದ್ ಹಾಡ್ ಆಗ್ಲಿ ಅಣ್ಣ, ಹೊರಡೋಣ" ಅಂತ ಅವನಿಗೆ ಹೇಳಿ ಬಂದು ನನ್ನ ಎದುರಿಗೆ ಕೂತೆ. ಹಾಡಿನಲ್ಲಿ ಗೂಳೂರಿಗೆ ಬಂದೆ, ನನಗೆ ಗೊತ್ತಿದ್ದದ್ದು ಮುಗಿಯಿತು. ಹಾಡು ನಿಂತರೆ ನೀನು ಎದ್ದು ಹೋಗುತ್ತೀಯ. ಅದಕ್ಕೇ ಮಗಾ, ನಿಲ್ಲಿಸದೆ ಹಾಡುತ್ತಲೇ ಇದ್ದೆ.