ಬಾಯಿ ತುಂಬ ಗುಂಡುಸೂಜಿ

ಗುರುವಾರ, ಮಧ್ಯಾಹ್ನ
ಅಂಗಡಿಯಿಂದ

ನನ್ನ ಗುಂಡಿಗೆ,

ಅಮ್ಮನ ಪ್ರೀತಿ. ನಿನ್ನ ಪಾರ್ಸೆಲ್ ಬೆಳಿಗ್ಗೆ ಬಂತು. ಚಿಕ್ಕಮ್ಮ ಏನೋ ಕಳಿಸಿರಬೇಕು ಅಂದುಕೊಂಡು ಗಿರಾಕಿಯ ಎದುರೇ ಬಿಚ್ಚಿಬಿಟ್ಟೆ. ನೋಡಿದರೆ ನಿನ್ನ ಯೂನಿಫಾರ್ಮ್ ಲಂಗ. ಲಂಗ ಅನ್ನುವ ಹಾಗೂ ಇಲ್ಲ. ಸೊಂಟಪಟ್ಟಿ ಬೇರೆ, ಮುಂಭಾಗ ಬೇರೆ, ಹಿಂಭಾಗ ಬೇರೆ, ಜಿಪ್ ಬೇರೆ. ಒಂದೊಂದೇ ಹೊಲಿಗೆ ಬಿಚ್ಚಿ, ನೂಲೆಲ್ಲ ಆರಿಸಿ, ಇಸ್ತ್ರಿ ಮಾಡಿ ಮಡಿಸಿಟ್ಟಿದ್ದೀಯ. ಸಿಟ್ಟಿನಲ್ಲಿ ಕತ್ತರಿ ಹಾಕಿದ್ದರೆ ನನಗೆ ಇಷ್ಟು ಭಯವಾಗುತ್ತಿರಲಿಲ್ಲ. ಬಟ್ಟೆಗೆ ನೋವಾಗದ ಹಾಗೆ ಹೊಲಿಗೆ ಬಿಚ್ಚುವುದನ್ನು ಕಲಿಸಿದವಳು ನಾನೇ ತಾನೆ. ಹಿಂಭಾಗದ ತುಂಡಿಗೆ ಒಂದು ಚೀಟಿ ಚುಚ್ಚಿದ್ದೀಯ, ‘ಇದು ಅವಳ ಬಟ್ಟೆ’ ಅಂತ. ಅದೇನೆಂದು ನನಗೆ ಸರಿಯಾಗಿ ತಿಳಿಯಲಿಲ್ಲ. ಇರಲಿ.

ಫೋನನ್ನು ಚಿಕ್ಕಮ್ಮನ ಬೀರುವಿನಲ್ಲಿಟ್ಟು ಬೀಗ ಹಾಕಿಸಿದ್ದೀಯಂತೆ. ಅವಳ ಫೋನಿಗೆ ಮಾಡಿದರೆ ‘ಸ್ನಾನಕ್ಕೆ ಹೋಗಿದ್ದಾಳೆ ಅಕ್ಕ’ ಅನ್ನುತ್ತಾಳೆ. ಇಪ್ಪತ್ತು ದಿನದಿಂದ ನಿನ್ನದು ಸ್ನಾನವೇ ಸ್ನಾನ. ಅದಕ್ಕೇ ಈ ಕಾಗದ. ಕಾಗದವನ್ನಾದರೂ ಅರ್ಧಕ್ಕೆ ಕಟ್ ಮಾಡಲಿಕ್ಕೆ ಆಗುವುದಿಲ್ಲ, ಹರಿಯಬೇಕಾಗುತ್ತದೆ. ಹರಿಯುವ ಮುಂಚೆ ಒಮ್ಮೆ ಓದು.

ನಿನ್ನೆ ಹೆಡ್‌ಮಿಸ್ ಫೋನ್ ಮಾಡಿದ್ದರು. ಸೋಮವಾರದೊಳಗೆ ನೀನು ಶಾಲೆಗೆ ಬರದಿದ್ದರೆ ಹಾಜರಾತಿ ಸಾಲುವುದಿಲ್ಲ, ಈ ವರ್ಷ ಪರೀಕ್ಷೆಗೆ ಕೂರಿಸುವುದಿಲ್ಲವಂತೆ. ಬಾ ಅಂದರೆ ನಿನ್ನನ್ನು ಮತ್ತೆ ಅದೇ ಹುಡುಗಿಯರ ನಡುವೆ ತಳ್ಳಿದ ಹಾಗೆ. ಬೇಡ ಅಂದರೆ ನಿನ್ನ ಒಂದು ವರ್ಷ ನೀರುಪಾಲು. ಬಿಸಿ ತುಪ್ಪ ಬಾಯಿಗೆ ಬಿದ್ದ ಹಾಗಾಗಿದೆ ನನಗೆ, ನುಂಗಲಿಕ್ಕೂ ಆಗುತ್ತಿಲ್ಲ, ಉಗುಳಲಿಕ್ಕೂ ಆಗುತ್ತಿಲ್ಲ.

ನಾನು ಎಲ್ಲೆಲ್ಲಿ ಎಡವಿದೆ ಅಂತ ಕೂತು ಯೋಚಿಸಿದೆ. ಮೊದಲನೆಯದು ನನ್ನ ಹಾಳು ಚಾಳಿ. ಉಳಿಕೆ ಬಟ್ಟೆ ಎಸೆಯಲು ನನಗೆ ಕೈ ಬರುವುದಿಲ್ಲ. ಶಾಲೆಯ ಅರ್ಧ ಮಕ್ಕಳ ಯೂನಿಫಾರ್ಮ್ ಹೊಲಿಯುವವಳು ಮಗಳಿಗೆಂದು ಹೊಸ ತಾನು ಯಾಕೆ ಬಿಚ್ಚಬೇಕು ಅಂತ, ಇಬ್ಬರ ಬಟ್ಟೆಯಲ್ಲಿ ಉಳಿದ ನೀಲಿ ತುಂಡು ಜೋಡಿಸಿ ನಿನ್ನ ಲಂಗ ಹೊಲಿದೆ. ‘ಬಣ್ಣ ನೋಡಬೇಕಾದ್ರೆ ಬಾಗಿಲಾಚೆ ಬಿಸಿಲಿಗೆ ಹಿಡಿದು ನೋಡಿ’ ಅಂತ ಬಂದವರಿಗೆಲ್ಲ ಬುದ್ಧಿ ಹೇಳುವವಳು, ನಿನ್ನದನ್ನು ಮಾತ್ರ ಟ್ಯೂಬ್‌ಲೈಟಿನ ಕೆಳಗೆ ನೋಡಿ ಸೈ ಅಂದೆ. ಮೈದಾನದ ಬಿಸಿಲಿನಲ್ಲಿ ಹಿಂಭಾಗ ನೇರಳೆಗೆ ತಿರುಗುತ್ತದೆ ಅಂತ ನನಗೆ ಗೊತ್ತಾದದ್ದು ಆ ವಿಡಿಯೊ ನೋಡಿದ ಮೇಲೆ.

ಅದನ್ನು ನಾನು ಎಷ್ಟು ಸಲ ನೋಡಿದ್ದೇನೋ. ನೀನು ನಲ್ಲಿಯ ಕಡೆಗೆ ನಡೆದು ಹೋಗುತ್ತಿದ್ದೀಯ, ಹಿಂದಿನಿಂದ ಯಾರೋ ತೆಗೆಯುತ್ತಿದ್ದಾರೆ, ನಾಲ್ಕು ಹುಡುಗಿಯರು ‘ತೇಪೆ ರಾಣಿ’ ಅಂತ ರಾಗ ಎಳೆಯುತ್ತಿದ್ದಾರೆ. ಆ ಹೆಸರಿನಲ್ಲೇ ಒಂದು ಖಾತೆ, ದಿನಕ್ಕೊಂದು ವಿಡಿಯೊ. ತರಗತಿಗೆ ಹೋದರೆ ‘ರಾಣಿಗೆ ಜಾಗ ಬಿಡ್ರೇ’ ಅಂತ ಬೆಂಚಿನಿಂದ ಎದ್ದು ಹೋಗುವುದು, ನಿನ್ನ ಚೀಲಕ್ಕೆ ಚಿಂದಿ ಕಟ್ಟುವುದು. ಇಷ್ಟಕ್ಕೆಲ್ಲ ನಾನು ಕೊಟ್ಟ ಮದ್ದು ಏನು? ‘ತಲೆಗೆ ಹಚ್ಕೋಬೇಡ, ನಾಲ್ಕು ದಿನ ಆಡಿಕೊಂಡು ಸುಮ್ಮನಾಗ್ತಾರೆ.’ ಎರಡು ವಾರ ಕಳೆದ ಮೇಲೆ ‘ಫೋನ್ ನೋಡ್ಲೇಬೇಡ’ ಅಂದೆ. ನೀನು ‘ನಾನು ನೋಡದಿದ್ರೂ ಅವರೆಲ್ಲ ನೋಡ್ತಾರಲ್ಲಮ್ಮ’ ಅಂದೆ. ಯಾರದೋ ಅಂಗಿಗೆ ಕಾಜಾ ಹಾಕುತ್ತ ಕೂತೆ.

ಹೊಸ ತಾನು ಬಿಚ್ಚಿ ಬೇರೆ ಲಂಗ ಹೊಲಿದುಕೊಟ್ಟೆ. ‘ರಾಣಿಗೆ ಹೊಸ ಪಟ್ಟಾಭಿಷೇಕ’ ಅಂತ ಅದಕ್ಕೂ ವಿಡಿಯೊ ಬಂತು. ಖಾತೆಯ ಮೇಲೆ ಆರು ಸಲ ದೂರು ಒತ್ತಿದೆ. ನಮ್ಮ ನಿಯಮಗಳಿಗೆ ವಿರುದ್ಧವಾದದ್ದು ಏನೂ ಕಾಣಲಿಲ್ಲ ಅಂತ ಆರು ಸಲವೂ ಉತ್ತರ ಬಂತು. ಆ ಕಡೆ ಮನುಷ್ಯರು ಇದ್ದಾರೋ ಇಲ್ಲವೋ ದೇವರೇ ಬಲ್ಲ. ಇದ್ದಿದ್ದರೆ ಜಗಳವಾದರೂ ಆಡುತ್ತಿದ್ದೆ.

ಆಮೇಲೆ, ನೀನು ಬೇಡ ಬೇಡ ಅಂತ ಕೈ ಹಿಡಿದು ಎಳೆದರೂ ಕೇಳದೆ ಶಾಲೆಗೆ ಬಂದೆ. ಹೆಡ್‌ಮಿಸ್ ಒಳ್ಳೆಯವರೇ, ಕೂರಿಸಿ ಕೇಳಿದರು. ‘ಈ ತೇಪೆ ರಾಣಿ ಅನ್ನೋ ಹೆಸರು ಯಾರು ಶುರು ಮಾಡಿದ್ದು, ಹೇಳಮ್ಮ’ ಅಂದರು. ನೀನು ನನ್ನ ಮುಖ ನೋಡಿ ‘ಗೊತ್ತಿಲ್ಲ ಮಿಸ್’ ಅಂದೆ. ಅಷ್ಟು ಧೈರ್ಯವಾಗಿ ಕರೆದುಕೊಂಡು ಹೋದರೆ ಬಾಯಿ ಬಿಡಲಿಲ್ಲವಲ್ಲ ಅಂತ ದಾರಿಯುದ್ದಕ್ಕೂ ನಿನ್ನನ್ನೇ ಬೈದೆ. ಮಾರನೆಯ ದಿನ ಅವರು ನಿನ್ನನ್ನೂ, ರಾಗ ಎಳೆದವರಲ್ಲಿ ಮುಂದಿದ್ದ ಮೆಡಿಕಲ್ ಶಾಪಿನವರ ಮಗಳನ್ನೂ ತರಗತಿಯ ಮುಂದೆ ನಿಲ್ಲಿಸಿ ಕೈ ಕುಲುಕಿಸಿದರಂತೆ. ಆ ಕೈ ಕುಲುಕಿದ್ದೂ ಸಂಜೆಯೊಳಗೆ ಖಾತೆಗೆ ಬಂದಿತ್ತು. ಅದರ ಮರುದಿನವೇ ನೀನು ಚಿಕ್ಕಮ್ಮನ ಊರಿನ ಬಸ್ಸು ಹತ್ತಿದೆ.

ಇನ್ನೊಂದು ವಿಷಯ ಹೇಳಬೇಕು. ಬೇರೆಯವರ ಬಾಯಿಂದ ಕೇಳುವುದಕ್ಕಿಂತ ನನ್ನಿಂದಲೇ ಕೇಳು. ಮಂಗಳವಾರ ಆ ಮೆಡಿಕಲ್ ಶಾಪಿನವರ ಹುಡುಗಿ ಅವಳಮ್ಮನ ಜೊತೆ ಅಂಗಡಿಗೆ ಬಂದಿದ್ದಳು. ಲಂಗ ಗಿಡ್ಡವಾಗಿದೆ, ಅಂಚು ಬಿಡಿಸಿ ಉದ್ದ ಮಾಡಿಕೊಡಿ ಅಂತ. ಸ್ಟೂಲಿನ ಮೇಲೆ ನಿಂತಳು. ನಾನು ಅವಳ ಕಾಲ ಹತ್ತಿರ ಮೊಣಕಾಲೂರಿ ಕೂತೆ. ನನ್ನ ಮಗಳ ನಿದ್ದೆ ಕೆಡಿಸಿದವಳ ಪಾದದ ಹತ್ತಿರ, ಬಾಯಿ ತುಂಬ ಗುಂಡುಸೂಜಿ ಕಚ್ಚಿಕೊಂಡು. ಒಂದನ್ನು ಸ್ವಲ್ಪ ಓರೆಯಾಗಿ ಚುಚ್ಚಿದ್ದರೆ ಸಾಕಿತ್ತು, ಮನಸ್ಸಿಗೂ ಬಂತು. ಕೈ ಮಾತ್ರ ತನ್ನ ಪಾಡಿಗೆ ಸುತ್ತಲೂ ನೇರವಾಗಿ ಚುಚ್ಚಿಕೊಂಡು ಹೋಯಿತು. ಅವಳಮ್ಮ ಫೋನಿನಲ್ಲಿ ಮಾತಾಡುತ್ತಿದ್ದಾಗ ಅವಳು ಬಗ್ಗಿ, ಮೆಲ್ಲಗೆ, ‘ಅವಳು ಯಾವಾಗ ಬರ್ತಾಳೆ ಆಂಟಿ?’ ಅಂದಳು. ಕಾಳಜಿಯಿಂದ ಕೇಳಿದಳೋ, ಆಟಕ್ಕೆ ಜನ ಸಾಲದೆ ಕೇಳಿದಳೋ ತಿಳಿಯಲಿಲ್ಲ. ಮುಖ ನೋಡಿದರೆ ಮಗುವಿನ ಮುಖ. ಯಾಕೆ ಹೀಗೆ ಮಾಡಿದೆ ಅಂತ ನಾನು ಕೇಳಲಿಲ್ಲ. ಬಾಯಲ್ಲಿ ಸೂಜಿ ಇತ್ತು. ಲಂಗ ನಿನ್ನೆ ಒಯ್ದರು. ಚೆನ್ನಾಗಿಯೇ ಆಗಿತ್ತು.

ಈಗ ಹೇಳು, ಇಂಥ ಅಮ್ಮನನ್ನು ಕಟ್ಟಿಕೊಂಡು ನೀನು ಏನು ಮಾಡುತ್ತೀಯ. ಮೂರು ವರ್ಷದವಳು ಮಿಷನ್ನಿನ ಕೆಳಗೆ ಕೂತು ಗುಂಡಿಗಳನ್ನು ಬಣ್ಣ ಬಣ್ಣಕ್ಕೆ ಬೇರೆ ಮಾಡಿಡುತ್ತಿದ್ದೆ, ಅಂದಿನಿಂದ ನೀನು ನನ್ನ ಗುಂಡಿ. ಆಗ ಯಾರಾದರೂ ನಿನ್ನನ್ನು ಅಳಿಸಿದರೆ ಎತ್ತಿಕೊಂಡರೆ ಸಾಕಿತ್ತು. ಈಗ ಎತ್ತಿಕೊಳ್ಳಲು ನೀನು ನನಗಿಂತ ಎತ್ತರ.

ಸೋಮವಾರದ ತನಕ ನಾಲ್ಕು ದಿನ ಇದೆ. ಬಾ ಅಂತಲೂ ಬರೆಯಲಾರೆ, ಬರಬೇಡ ಅಂತಲೂ ಬರೆಯಲಾರೆ. ಚಿಕ್ಕಮ್ಮ ಅಲ್ಲಿ ಯಾರೋ ಮಕ್ಕಳ ಜೊತೆ ಮಾತಾಡುವ ಡಾಕ್ಟರಮ್ಮ ಇದ್ದಾರೆ ಅನ್ನುತ್ತಿದ್ದಳು. ಅವರ ಹತ್ತಿರ ಹೋಗು. ನನಗೆ ಹೇಳಲಾಗದ್ದನ್ನು ಅವರಿಗೆ ಹೇಳು. ನನ್ನ ಬಗ್ಗೆಯೂ ಹೇಳು, ಪರವಾಗಿಲ್ಲ. ಊಟ ಬಿಡಬೇಡ.

ನಿನ್ನ
ಅಮ್ಮ

ಮತ್ತೆ: ಲಕೋಟೆ ಅಂಟಿಸಿದ್ದೆ, ಬಿಚ್ಚಿದೆ. ಚೀಟಿ ತಿಳಿಯಲಿಲ್ಲ ಅಂತ ಮೇಲೆ ಬರೆದದ್ದು ಸುಳ್ಳು. ಶಾಲೆ ಶುರುವಾಗುವ ಮುಂಚೆ ಆ ಹುಡುಗಿ ಹೊಲಿದ ಲಂಗ ಒಯ್ಯಲು ಬಂದಿದ್ದಾಗ, ನನ್ನ ಬಾಯಿ ಗೊತ್ತಲ್ಲ ನಿನಗೆ, ಗಿರಾಕಿಯನ್ನು ನಗಿಸದಿದ್ದರೆ ತಿಂದದ್ದು ಅರಗುವುದಿಲ್ಲ. ‘ನಿನ್ನ ಬಟ್ಟೆ ಉಳಿದಿದ್ರಲ್ಲೇ ನಮ್ಮ ಗುಂಡಿ ಲಂಗದ ಹಿಂಭಾಗ ಆಯ್ತು, ನಮ್ಮನೆ ತೇಪೆ ರಾಣಿ ಅವಳು’ ಅಂದೆ. ಅವಳು ನಕ್ಕಳು. ನಾನೂ ನಕ್ಕೆ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಮಂಗಳವಾರ ನನ್ನ ಬಾಯಿ ಕಟ್ಟಿದ್ದು ಸೂಜಿ ಅಲ್ಲ. ಕೇಳಿದ್ದರೆ ಅವಳು ‘ನೀವೇ ಹೇಳಿದ್ರಲ್ಲ ಆಂಟಿ’ ಅನ್ನುತ್ತಿದ್ದಳು. ಹೆಡ್‌ಮಿಸ್ ಆ ಹೆಸರು ಎತ್ತಿದ ಕೂಡಲೇ ನನಗೆ ನೆನಪಾಗಿತ್ತು, ಗುಂಡಿ. ನಿನಗೂ ಗೊತ್ತಿತ್ತು. ನೀನು ನನ್ನ ಮುಖ ನೋಡಿ ‘ಗೊತ್ತಿಲ್ಲ ಮಿಸ್’ ಅಂದೆ, ಮತ್ತೆ ನಾನು ನಿನ್ನನ್ನು ಮನೆಯ ತನಕ ಬೈದುಕೊಂಡು ಬಂದೆ.