ಓದಿ ಹೇಳುವ ಗಣಿತದ ಬಾಯಿ ಕಟ್ಟಿದವರಿಗೆ

ಮಾನ್ಯ ಸಂಶೋಧನಾ ನಿರ್ದೇಶಕರೇ,

ನಾವು ಎಲ್ಲರಿಗೂ ಮುಕ್ತವಾಗಿ ಕೊಟ್ಟ ಕಂಪ್ಯೂಟರ್ ಕೋಡನ್ನು ನೀವು ನಮ್ಮ ಬೆನ್ನ ಹಿಂದೆ ತೆಗೆಸಿಹಾಕಿದ್ದೀರಿ. ಬೇರೆ ಯಾರಾದರೂ ಹೀಗೆ ಮಾಡಿದ್ದರೆ ಸಿಟ್ಟು ನುಂಗಿಕೊಂಡು ಸುಮ್ಮನಾಗುತ್ತಿದ್ದೆ. ಮಾಡಿದವರು ನೀವು, ಅದಕ್ಕೇ ಊರಿಗೆಲ್ಲ ಕೇಳುವಂತೆ ಬರೆಯುತ್ತಿದ್ದೇನೆ.

ನಮ್ಮ ಸಂಸ್ಥೆಯಲ್ಲಿ ನನ್ನ ಪಕ್ಕದ ಮೇಜಿನ ಗಣಿತದ ಮೇಷ್ಟ್ರಿಗೆ ಕಣ್ಣು ಕಾಣುವುದಿಲ್ಲ. ಪರದೆಯ ಮೇಲಿರುವುದನ್ನು ಕಂಪ್ಯೂಟರ್ ಅವರಿಗೆ ಓದಿ ಹೇಳುತ್ತದೆ. ಸಮೀಕರಣ ಬಂತೆಂದರೆ ಮಾತ್ರ ಅದು ತಡವರಿಸುತ್ತಿತ್ತು. ಭಿನ್ನರಾಶಿಯ ಗೆರೆಯ ಮೇಲೇನಿದೆ, ಆವರಣ ಎಲ್ಲಿ ಮುಗಿಯಿತು, ಒಂದೂ ತಿಳಿಯುತ್ತಿರಲಿಲ್ಲ. ಹಲವು ದೇಶಗಳ ಸ್ವಯಂಸೇವಕರು ಸೇರಿ ಕಟ್ಟುತ್ತಿರುವ ಮುಕ್ತ ಗಣಿತ ತಂತ್ರಾಂಶಕ್ಕೆ ನಾವಿಬ್ಬರೂ ಹೊಸ ಕೋಡ್ ಬರೆದೆವು. ಅದರಿಂದ ಆವರಣ ಮುಗಿದಲ್ಲಿ ದನಿ ಒಂದು ಕ್ಷಣ ನಿಲ್ಲುತ್ತಿತ್ತು. ಮೊದಲ ಸಲ ಅದು ಸರಿಯಾಗಿ ಓದಿದಾಗ ಮೇಷ್ಟ್ರು ಅದೇ ಸಾಲನ್ನು ಮತ್ತೆ ಮತ್ತೆ ಕೇಳಿಸಿಕೊಂಡು, "ಇಷ್ಟು ವರ್ಷ ಬರೀ ಊಹೆ ಮೇಲೆ ಪಾಠ ಮಾಡ್ಬಿಟ್ಟೆ ನೋಡಿ" ಎಂದು ನಕ್ಕರು.

ಆ ನಗುವಿಗೆ ನೀವೂ ಸಾಕ್ಷಿ. ನಮ್ಮ ಕೋಣೆಯ ಅಲುಗಾಡುವ ಕುರ್ಚಿಯಲ್ಲಿ ಕೂತು, "ಇದನ್ನ ಬೀರುವಿನಲ್ಲಿ ಇಟ್ಕೋಬೇಡಿ, ಹಂಚಿ. ಯಾರಾದ್ರೂ ತಕರಾರು ತೆಗೆದ್ರೆ ನನ್ನ ಹತ್ರ ಕಳ್ಸಿ" ಎಂದವರು ನೀವೇ. ಹಂಚಿದೆವು. ನಾವು ಮುಖವನ್ನೇ ನೋಡಿರದವರು ನಮ್ಮ ತಪ್ಪು ತಿದ್ದಿದರು, ತಮ್ಮ ತಮ್ಮ ಭಾಷೆ ಸೇರಿಸಿದರು. ಆಮೇಲೆ ಒಂದು ಕಂಪನಿಯ ಕಣ್ಣು ಅದರ ಮೇಲೆ ಬಿತ್ತು, ದುಡ್ಡು ಕೊಟ್ಟು ಕೊಳ್ಳುತ್ತೇವೆ ಎಂದರು. ಕೂಡಲೇ ತಮಗೆ ಜ್ಞಾನೋದಯವಾಯಿತು: ಕೋಡ್ ಸಂಸ್ಥೆಯ ಆಸ್ತಿ, ಹಂಚಲು ಒಪ್ಪಿಗೆಯನ್ನೇ ಕೊಟ್ಟಿರಲಿಲ್ಲ. ಹಾಗಾದರೆ ಆ ಕುರ್ಚಿಯಲ್ಲಿ ಕೂತಿದ್ದವರು ಯಾರು?

ಹಾಗೆಂದು ನೀವು ಕಳಿಸಿದ ಆಕ್ಷೇಪಣೆ ಕಂಡು, ಕೋರ್ಟು ಕಚೇರಿಗೆ ಹೆದರಿ, ಆ ಸ್ವಯಂಸೇವಕರು ನಮ್ಮ ಭಾಗವನ್ನು ಕಿತ್ತುಹಾಕಿದರು. ಮೇಷ್ಟ್ರ ಕಂಪ್ಯೂಟರಿನಿಂದಲೂ ನೀವು ಅದನ್ನು ಅಳಿಸಿಹಾಕಿಸಿದಿರಿ. ಕೇಳೋಣವೆಂದು ಇಬ್ಬರೂ ನಿಮ್ಮ ಕಚೇರಿಗೆ ಬಂದರೆ "ಸರ್ ಇಲ್ಲ" ಎಂಬ ಉತ್ತರ. ಗಾಜಿನಾಚೆ ನೀವು ಬೆನ್ನು ತಿರುಗಿಸಿ ನಿಂತಿದ್ದನ್ನು ನಾನು ನೋಡಿದೆ. ಮೇಷ್ಟ್ರಿಗೆ ನಿಮ್ಮ ಕೆಮ್ಮು ಕೇಳಿಸಿತು.

ಮೆಟ್ಟಿಲಿಳಿಯುವಾಗ ಅವರು ಮೆಲ್ಲಗೆ ಕೇಳಿದರು, "ಒಳಗೇ ಇದ್ರಲ್ವಾ?"

ಹೌದೆಂದೆ.

"ಹೋಗ್ಲಿ ಬಿಡಿ. ನಮ್ಮ ಮುಖ ನೋಡೋಕೆ ಅವರಿಗೂ ಕಷ್ಟ ಆಗಿರ್ಬೇಕು."

ಆಕ್ಷೇಪಣೆಯನ್ನು ಹಿಂತೆಗೆದುಕೊಳ್ಳಿ. ಒಪ್ಪಿಗೆ ಕೊಟ್ಟಿದ್ದು ನಿಜವೆಂದು ಆ ಸ್ವಯಂಸೇವಕರಿಗೆ ನೀವೇ ತಿಳಿಸಿ. ಈ ಪತ್ರ ಬೇಡವೆಂದು ಮೇಷ್ಟ್ರು ಹೇಳಿದ್ದರು. ಅವರು ನಿಮ್ಮನ್ನು ಆಗಲೇ ಕ್ಷಮಿಸಿಬಿಟ್ಟಿದ್ದಾರೆ. ನನ್ನಿಂದ ಆಗುತ್ತಿಲ್ಲ.

ಇಂತಿ,
ತಮ್ಮಂಥ ನಿರ್ದೇಶಕರು ಎಲ್ಲರಿಗೂ ಸಿಗಲಿ ಎಂದು ಹೇಳಿಕೊಂಡು ತಿರುಗುತ್ತಿದ್ದ,
ಗಣಿತದ ಉಪನ್ಯಾಸಕಿ