ಪಟ್ಟಿಯ ಹನ್ನೊಂದನೆಯ ಸಾಲು

ಮಾರ್ಚ್ ೧೪, ಗುರುವಾರ

ಪ್ರೀತಿಯ ತಂಗಿಗೆ,

ನೀನು ನನ್ನೊಡನೆ ಮಾತು ಬಿಟ್ಟು ಐದು ವಾರವಾಯಿತು. ಫೋನ್ ಮಾಡಿದರೆ ಭಾವನವರು ಎತ್ತಿಕೊಂಡು, ನೀನು ಸ್ನಾನಕ್ಕೆ ಹೋಗಿದ್ದೀಯ ಎನ್ನುತ್ತಾರೆ. ಮೂರು ಸಲವೂ ಸ್ನಾನವೇ. ಅದಕ್ಕೇ ಈ ಕಾಗದ.

ಅಂದು ನಿಮ್ಮ ಮನೆಯಲ್ಲಿ ಊಟಕ್ಕೆ ಕೂತು ನಾನು ದೊಡ್ಡ ಮಾತಾಡಿದೆ. ವ್ಯಾಪಾರ ಬಿದ್ದಾಗಲೆಲ್ಲ ಸರ್ಕಾರ ಕೈ ಹಿಡಿಯುತ್ತಾ ಹೋದರೆ ಹೇಗೆ, ಗಟ್ಟಿಯಿದ್ದದ್ದು ಉಳಿಯುತ್ತೆ ಎಂದೆ. ನೀನು ಲೋಟಕ್ಕೆ ನೀರು ಬಗ್ಗಿಸುತ್ತಲೇ, "ಮುಳುಗ್ತಿರೋರಿಗೆ ದಡದಲ್ಲಿ ನಿಂತು ಈಜು ಹೇಳ್ಕೊಡ್ತೀಯಲ್ಲೋ ಅಣ್ಣ, ನಿನ್ನ ಪಂಚೆ ನೆನೆಯಲ್ಲ ಬಿಡು" ಎಂದೆ. ಭಾವ ನಕ್ಕರು. ನಾನೂ ನಕ್ಕೆ.

ಅದಾಗಿ ಒಂಬತ್ತನೇ ದಿನಕ್ಕೆ ನಿಮ್ಮ ಸೂಜಿ ಕಾರ್ಖಾನೆ ಮುಚ್ಚಿತು.

ವ್ಯಾಪಾರದ ಈ ಕುಸಿತದಲ್ಲಿ ಕಾರ್ಖಾನೆಗಳು ಉಳಿಯಲೆಂದು ಸರ್ಕಾರ ಆರು ತಿಂಗಳು ಕೆಲಸಗಾರರ ಅರ್ಧ ಸಂಬಳ ಕೊಡುತ್ತಿದೆ. ಯಾವ ಕಾರ್ಖಾನೆಗಳಿಗೆ ಕೊಡಬೇಕೆಂಬ ಪಟ್ಟಿ ಹೋದದ್ದು ನಮ್ಮ ಇಲಾಖೆಯಿಂದ. ನಿಮ್ಮ ಕಾಗದಪತ್ರ ಸರಿಯಿರಲಿಲ್ಲ ಎಂದು ನಿನಗೆ ಹೇಳಿದ್ದೆ. ಅದು ಸುಳ್ಳು. ಎಲ್ಲವೂ ಸರಿಯಿತ್ತು. ಹೋದ ವರ್ಷದವರೆಗೂ ನಿಮ್ಮ ಸೂಜಿಗೆ ಬೇಡಿಕೆಯಿತ್ತು. ಅರ್ಜಿಯಲ್ಲಿ ಅರವತ್ತೆರಡು ಜನರ ಹೆಸರಿತ್ತು. ಸೂಜಿಯ ಕಣ್ಣು ಪರೀಕ್ಷಿಸುವ ವಿಭಾಗದಲ್ಲಿ ನಿನ್ನದೂ. ಕಡೆಯ ಗಳಿಗೆಯಲ್ಲಿ ಪಟ್ಟಿಯಿಂದ ಕಾರ್ಖಾನೆಯ ಹೆಸರು ಬಿಟ್ಟುಹೋಯಿತು.

ನಿನ್ನೆ ಪಟ್ಟಿಯಲ್ಲಿದ್ದ ಒಂದು ಡಬ್ಬಿ ಕಾರ್ಖಾನೆಗೆ ತಪಾಸಣೆಗೆ ಹೋಗಿದ್ದೆ. ನಿಮ್ಮದಕ್ಕಿಂತ ಕಡೆಯಾಗಿ ನಡೆಯುತ್ತಿದ್ದ ಜಾಗ. ಈಗ ಎರಡು ಯಂತ್ರ ಓಡುತ್ತಿವೆ, ಹೊಸ ಆರ್ಡರ್ ಬಂದಿದೆ. ಗೇಟಿನವನು, "ಈ ಮೂರು ತಿಂಗಳು ನೀವು ನಮ್ಮ ಕೈ ಹಿಡಿದ್ರಿ ಸರ್, ಅದಕ್ಕೇ ಇವತ್ತು ಇದೀವಿ" ಎಂದು ಕುರ್ಚಿ ಒರೆಸಿಕೊಟ್ಟ. ನನಗೆ ಕೂರಲಾಗಲಿಲ್ಲ.

ಗಟ್ಟಿಯಿದ್ದದ್ದೂ ಬೀಳುತ್ತದೆ ತಂಗಿ. ಹಿಡಿಯುವ ಕೈ ಹಿಂದಕ್ಕೆ ಸರಿದರೆ ಸಾಕು.

ನಿನ್ನ ಅಣ್ಣ

ಮತ್ತೊಂದು ಮಾತು: ಕಾರ್ಖಾನೆಯ ಹೆಸರು ತಾನಾಗಿ ಬಿಟ್ಟುಹೋಗಲಿಲ್ಲ. ಹನ್ನೊಂದನೆಯ ಸಾಲನ್ನು ಹೊಡೆದುಹಾಕಿದವನು ನಾನು. ತಂಗಿ ಕೆಲಸ ಮಾಡುವ ಕಾರ್ಖಾನೆ, ನಾಳೆ ಯಾರಾದರೂ ಬೆರಳು ತೋರಿಸಿದರೆ ಎಂಬ ಹೆದರಿಕೆ. ನ್ಯಾಯವಂತ ಎನಿಸಿಕೊಳ್ಳುವ ಆಸೆಯೂ ಇತ್ತು. ನಿಮ್ಮಲ್ಲಿ ಊಟಕ್ಕೆ ಕೂತಾಗ ಆ ಪಟ್ಟಿ ಹೋಗಿ ಎರಡು ತಿಂಗಳಾಗಿತ್ತು. ಇದಿಷ್ಟನ್ನೂ ಬರೆದು ಸಹಿ ಹಾಕಿದ ಹಾಳೆ ಜೊತೆಗಿದೆ. ಮೇಲ್ಮನವಿಗೆ ಸೋಮವಾರ ಕಡೆಯ ದಿನ. ನಿಮ್ಮ ಮಾಲೀಕರ ಕೈಗೆ ಕೊಡು. ನನ್ನ ಕೆಲಸದ ಚಿಂತೆ ಬೇಡ. ಗಟ್ಟಿಯಿದ್ದರೆ ಉಳಿಯುತ್ತೆ.